ಹಸಿ ಕಸದಿಂದ ಗೊಬ್ಬರ ಮಾಡಲು ಮಣ್ಣಿನ ಮಡಕೆಯೋ, ಬೊಕಾಶಿ ಡಬ್ಬಿಯೋ?

ತರಕಾರಿ ಸಿಪ್ಪೆಯೇ ಹೆಚ್ಚಿರುವ ಮನೆಗೆ ನನ್ನ ಓಟು ಮಡಕೆಗೆ. ತೂತುಗಳಿರುವ ಮಡಕೆಗೆ ಕಸ ಸುರಿದಾಗಲೆಲ್ಲ ಒಂದೆರಡು ಹಿಡಿ ತೆಂಗಿನ ನಾರಿನ ಪುಡಿಯನ್ನೋ ತರಗೆಲೆಯನ್ನೋ ಹಾಕಿ, ವಾರಕ್ಕೆರಡು ಸಲ ಕೆದಕಿ. ಸುಮಾರು 2 ತಿಂಗಳಿಗೆ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಗೊಬ್ಬರ ಸಿಗುತ್ತೆ. ಕಲ್ಲಂಗಡಿ ಸಿಪ್ಪೆ ಅತಿಯಾದರೆ ಮಾತ್ರ ತಳದಲ್ಲಿ ನೀರು ನಿಂತು ಹುಳ ಗ್ಯಾರಂಟಿ. ನಮ್ಮಲ್ಲಿ ಒಮ್ಮೆ ಹಾಗಾದಾಗ ಮನೆಯವರ ಮುಖ ನೋಡಬೇಕಿತ್ತು!

ಬೊಕಾಶಿ ಅಂದರೆ ಮುಚ್ಚಿದ ಡಬ್ಬಿಯಲ್ಲಿ ಕಸವನ್ನು ಹುಳಿ ಬರಿಸುವ ವಿಧಾನ. ಇದಕ್ಕೆ ಗಾಳಿಯೇ ಶತ್ರು. ಕಸದ ಮೇಲೆ ಸೂಕ್ಷ್ಮಾಣು ಬೆರೆಸಿದ ತೌಡು ಉದುರಿಸಿ, ಅದುಮಿ, ಮುಚ್ಚಳ ಬಿಗಿಮಾಡಬೇಕು. ಮಿಕ್ಕ ಸಾರನ್ನ, ಮೀನಿನ ಮುಳ್ಳು ಎಲ್ಲ ನಡೆಯುತ್ತೆ. ಮಾಂಸಾಹಾರಿಗಳಿಗೆ ಇದೇ ವಾಸಿ. ಆದರೆ ತುಂಬಿದ ಡಬ್ಬಿಯನ್ನು 2 ವಾರ ಮುಚ್ಚಿಟ್ಟರೂ ಒಳಗಿರೋದು ಉಪ್ಪಿನಕಾಯಿಯ ಹಾಗೆ ಹುಳಿ ಹಿಡಿದ ಕಸವೇ. ಅದನ್ನು ಮಣ್ಣಲ್ಲಿ ಹೂಳಲೇಬೇಕು. ತೌಡಿನ ಖರ್ಚೂ ನಿಲ್ಲೋದಿಲ್ಲ.