ಆಂಪ್ ಇಲ್ಲದೆ ಹಿಂದಿನ ಸ್ಪೀಕರ್: ಪ್ಯಾರಲಲ್, ಸೀರೀಸ್, ನೇರ ಕನೆಕ್ಷನ್ ಮೂರರಲ್ಲಿ ಯಾವುದು?

ಕಾರಿನ ಹಿಂದೆ ಸ್ಪೀಕರ್ ಹಾಕಬೇಕು ಎಂದು ಅಂಗಡಿಗೆ ಹೋದರೆ ಮೊದಲು ಬರುವ ಮಾತೇ ಆಂಪ್, ಅಂದರೆ ಪವರ್ ಹೆಚ್ಚಿಸುವ ಆಂಪ್ಲಿಫೈಯರ್. ಎಲ್ಲರಿಗೂ ಅದು ಬೇಕಿಲ್ಲ. ನನ್ನ ಹಳೆಯ ಸೆಡಾನಿನಲ್ಲೂ ಬಾವನ ಸಣ್ಣ ಕಾರಿನಲ್ಲೂ ಸ್ಟೀರಿಯೊದಿಂದಲೇ ಹಿಂದಿನ ಸ್ಪೀಕರ್ ನಡೆಸುವ ಮೂರು ದಾರಿಗಳನ್ನು ಹಾಕಿ ಕೇಳಿದ್ದೇನೆ. ಸೆಟ್‌ನಿಂದ ಹಿಂದಿನ ಸ್ಪೀಕರಿಗೆ ಬೇರೆಯೇ ವಯರ್ ಎಳೆದು (ಇದೇ ನೇರ ಕನೆಕ್ಷನ್), ಒಳ್ಳೆಯ ಸೆನ್ಸಿಟಿವಿಟಿಯ, ಅಂದರೆ ಕಡಿಮೆ ಪವರಿನಲ್ಲೇ ಜೋರಾಗಿ ಕೇಳುವ ಸ್ಪೀಕರ್ ಕೂರಿಸಿದರೆ ಸಾಕು, ಇದು ನನ್ನ ತೀರ್ಮಾನ. ಉಳಿದ ಎರಡರಲ್ಲಿ ಒಂದು ಸೆಟ್ಟನ್ನು ಕೆಡಿಸುತ್ತದೆ, ಇನ್ನೊಂದು ಸದ್ದನ್ನು.

ನಾನು ಕೇಳುವುದು ಹೆಚ್ಚಾಗಿ ಯಕ್ಷಗಾನ, ತಾಳಮದ್ದಳೆ. ಓಡಾಟ ಬದಿಯಡ್ಕ, ಪೆರ್ಲ ದಾಟಿ ಹೋಗುವ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ. ಇದನ್ನು ಹೇಳಲು ಕಾರಣವಿದೆ. ಸಿನಿಮಾ ಹಾಡನ್ನು ಮೊದಲೇ ಒತ್ತಿ ಸಮ ಮಾಡಿರುತ್ತಾರೆ, ಮೆಲ್ಲಗಿನ ಭಾಗಕ್ಕೂ ಜೋರಿನ ಭಾಗಕ್ಕೂ ಅಂತರ ಕಡಿಮೆ. ಬಯಲಲ್ಲಿ ರೆಕಾರ್ಡ್ ಮಾಡಿದ ಆಟ ಹಾಗಲ್ಲ. ಭಾಗವತರ ಸ್ವರ ಕೇಳಲಿ ಎಂದು ವಾಲ್ಯೂಮ್ ಏರಿಸಿರುತ್ತೀರಿ, ಅಷ್ಟರಲ್ಲಿ ಚೆಂಡೆಯ ಪೆಟ್ಟು ಬೀಳುತ್ತದೆ, ಆ ಒಂದು ಕ್ಷಣಕ್ಕೆ ಬೇಕಾದ ಪವರ್ ಸೆಟ್‌ನಲ್ಲಿ ಇಲ್ಲದಿದ್ದರೆ ಚೆಂಡೆ ತಗಡಿನ ಡಬ್ಬಿ ಬಡಿದಂತೆ ಒಡೆದು ಕೇಳುತ್ತದೆ. ಯಾವ ವಯರಿಂಗ್ ಒಳ್ಳೆಯದು ಎಂದು ಗೊತ್ತಾಗಲು ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಸಿಕ್ಕಿಲ್ಲ.

ಮೊದಲು ವ್ಯಾಟಿನ ವಿಚಾರ. ಡಬ್ಬಿಯ ಮೇಲೆ 50 ವ್ಯಾಟ್ x 4 ಎಂದು ದೊಡ್ಡದಾಗಿ ಇರುತ್ತದೆ, ಅಲ್ವಾ? ಸೆಟ್ಟಿನ ಹಿಂದೆ ಇರುವ ಫ್ಯೂಸ್ ನೋಡಿ. ಸಾಮಾನ್ಯವಾಗಿ 10 ಆಂಪಿಯರ್. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಗುಣಿಸಿದರೆ 140 ವ್ಯಾಟ್, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. 200 ವ್ಯಾಟ್ ಎಲ್ಲಿಂದ ಬರಬೇಕು? 50 ಎನ್ನುವುದು ಪೀಕ್, ಅಂದರೆ ಕ್ಷಣಮಾತ್ರದ ಲೆಕ್ಕ. ನಿಜವಾಗಿ ಸತತವಾಗಿ ಸಿಗುವ ಪವರ್ (ಆರ್‌ಎಂಎಸ್) ಒಂದು ಚಾನೆಲಿಗೆ, ಅಂದರೆ ಸ್ಪೀಕರಿಗೆ ಹೋಗುವ ಒಂದೊಂದು ಔಟ್‌ಪುಟ್‌ಗೆ, 15ರಿಂದ 20 ವ್ಯಾಟ್. ಕಾರಿನೊಳಗೆ ಕೂತು ಕೇಳಲು ಅದು ಕಡಿಮೆಯೇನಲ್ಲ.

ಬಾವನ ಕಾರಿನ ಸೆಟ್‌ಗೆ ಇದ್ದದ್ದು ಎರಡೇ ಚಾನೆಲ್. ಹಿಂದಿನ ಸ್ಪೀಕರುಗಳ ವಯರನ್ನು ಮುಂದಿನದಕ್ಕೇ ಪ್ಯಾರಲಲ್ ಆಗಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಕೊಟ್ಟಿದ್ದರು. "ಸದ್ದು ಜಾಸ್ತಿ ಆಯ್ತು ನೋಡು" ಎಂದು ಬಾವ ಖುಷಿಯಲ್ಲಿದ್ದರು. ಜಾಸ್ತಿ ಆದದ್ದು ನಿಜ. ಆದರೆ 4 ಓಮಿನ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎರಡು ಸ್ಪೀಕರ್ ಪ್ಯಾರಲಲ್ ಆದರೆ ಸೆಟ್‌ಗೆ ಕಾಣುವುದು 2 ಓಮ್, ಎಳೆಯುವ ಕರೆಂಟ್ ಇಮ್ಮಡಿ. ಬೇಸಿಗೆಯ ಮಧ್ಯಾಹ್ನ, ಡ್ಯಾಶ್‌ಬೋರ್ಡೇ ಕಾದಿರುವಾಗ, ಸ್ವಲ್ಪ ಜೋರಾಗಿ ಹಾಕಿದರೆ ಪದ್ಯದ ನಡುವೆ ಸದ್ದು ಕಟ್ ಆಗುತ್ತಿತ್ತು. ಸೆಟ್ ತಣ್ಣಗಾದ ಮೇಲೆ ಮತ್ತೆ ಬರುತ್ತಿತ್ತು. ಒಳಗಿನ ಚಿಪ್ ತನ್ನನ್ನು ಉಳಿಸಿಕೊಳ್ಳಲು ಹೀಗೆ ನಿಲ್ಲುತ್ತದೆ, ಎಷ್ಟು ಕಾಲ ಉಳಿಸಿಕೊಂಡೀತು? 2 ಓಮ್ ತಡೆಯುವ ಸೆಟ್‌ಗಳೂ ಇವೆ. ಮ್ಯಾನ್ಯುಯಲಿನಲ್ಲಿ 4–8 ಓಮ್ ಎಂದು ಬರೆದಿದ್ದರೆ ಮಾತ್ರ ಪ್ಯಾರಲಲ್ ಬೇಡವೇ ಬೇಡ.

ಅದನ್ನು ಬಿಚ್ಚಿ ಸೀರೀಸ್ ಮಾಡಿ, ಅಂದರೆ ಎರಡನ್ನೂ ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸಿ ನೋಡಿದೆವು. ಈಗ 8 ಓಮ್, ಸೆಟ್ ತಣ್ಣಗೆ ಇತ್ತು. ಸದ್ದು ಮಾತ್ರ ಬಿದ್ದುಹೋಯಿತು. ಅದೇ ವಾಲ್ಯೂಮಿನಲ್ಲಿ ಒಂದೊಂದು ಸ್ಪೀಕರಿಗೂ ಅರ್ಧ ವೋಲ್ಟೇಜ್, ಅಂದರೆ ಮೊದಲಿನ ಕಾಲು ಭಾಗ ಪವರ್. ಮುಂದಿನದು ಒಂದು ಮಾದರಿ, ಹಿಂದಿನದು ಇನ್ನೊಂದು ಆಗಿದ್ದರೆ ಪವರ್ ಸಮನಾಗಿ ಹಂಚಿಕೆಯಾಗದೆ ಸ್ವರದ ಬಣ್ಣವೇ ಬದಲಾಗುತ್ತದೆ. ಒಂದು ಸ್ಪೀಕರಿನ ವಯರ್ ತುಂಡಾದರೆ ಆ ಬದಿಯ ಎರಡೂ ಮೌನ. ತಾಳಮದ್ದಳೆಯ ಅರ್ಥ ಕೇಳಲು ಪರವಾಗಿಲ್ಲ ಎನ್ನಬಹುದು, ಚೆಂಡೆಗೆ ಸಾಲದು. ಈ ಎರಡೂ ರೀತಿಯಲ್ಲಿ ಫೇಡರ್ (ಮುಂದೆ ಎಷ್ಟು, ಹಿಂದೆ ಎಷ್ಟು ಸದ್ದು ಎಂದು ಹೊಂದಿಸುವುದು) ಕೆಲಸಕ್ಕೆ ಬರುವುದಿಲ್ಲ ಎನ್ನುವುದನ್ನೂ ನೆನಪಿಡಿ.

ನನ್ನ ಕಾರಿನಲ್ಲಿರುವುದು 4 ಚಾನೆಲಿನ ಸೆಟ್. ಸೆಟ್ಟಿನ ಹಿಂದೆ ವಯರ್ ಸೇರುವ ಕಪ್ಲರಿನಲ್ಲಿ ಬಿಳಿ ಮತ್ತು ಬೂದು ವಯರ್ ಮುಂದಿನ ಸ್ಪೀಕರಿಗೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆ ಇರುವುದು ನೆಗೆಟಿವ್. ಬಹುತೇಕ ಕಂಪನಿಯವರು ಇದೇ ಬಣ್ಣ ಬಳಸುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು: ಈ ಸೆಟ್‌ಗಳಲ್ಲಿ ನೆಗೆಟಿವ್ ವಯರಿನಲ್ಲೂ ಸಿಗ್ನಲ್ ಇರುತ್ತದೆ. ಅದನ್ನು ಕಾರಿನ ಲೋಹದ ಮೈಗೆ ಅರ್ಥ್ ಮಾಡಬಾರದು, ಎಡ ಬಲದ ನೆಗೆಟಿವ್‌ಗಳನ್ನು ಒಟ್ಟು ಸೇರಿಸಲೂಬಾರದು. ಹಳೆಯ ಕಾರುಗಳಲ್ಲಿ ಎಲ್ಲ ಸ್ಪೀಕರಿಗೂ ಒಂದೇ ನೆಗೆಟಿವ್ ಎಳೆದಿರುವುದುಂಟು. ಹಾಗಿದ್ದರೆ ಹೊಸ ವಯರ್ ಎಳೆಯಿರಿ, ಖರ್ಚು ದೊಡ್ಡದಲ್ಲ.

ನೇರ ಕನೆಕ್ಷನ್ ಕೊಟ್ಟರೂ ಮೊದಲಿದ್ದ ಸ್ಪೀಕರಿನಲ್ಲಿ ಸದ್ದು ಮಂಕಾಗಿಯೇ ಇತ್ತು. ನಿಜವಾದ ವ್ಯತ್ಯಾಸ ಬಂದದ್ದು ಸ್ಪೀಕರ್ ಬದಲಿಸಿದಾಗ. ಸೆನ್ಸಿಟಿವಿಟಿ 88 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇದ್ದದ್ದನ್ನು ತೆಗೆದು 92 ಡಿಬಿಯ 6x9 ಇಂಚಿನ ಓವಲ್ ಹಾಕಿದೆ. 4 ಡಿಬಿ ಹೆಚ್ಚು ಎಂದರೆ ಎರಡೂವರೆ ಪಟ್ಟು ಪವರ್ ಕೊಟ್ಟಷ್ಟು ಸದ್ದು, ಅದೂ ಅದೇ ಸೆಟ್ಟಿನಿಂದ. ಅಂಗಡಿಯಲ್ಲಿ ಎಲ್ಲರೂ 300 ವ್ಯಾಟ್, 400 ವ್ಯಾಟ್ ಎಂದು ಕೇಳುತ್ತಾರೆ. ಅದು ಸ್ಪೀಕರ್ ತಡೆಯುವ ಗರಿಷ್ಠ ಪವರ್, ಕೊಡುವ ಸದ್ದಲ್ಲ. ಡಿಬಿ ಕೇಳಿ. ಅದನ್ನು 1 ವ್ಯಾಟಿಗೆ ಅಳೆದದ್ದೋ 2.83 ವೋಲ್ಟಿಗೋ ಎಂದೂ ನೋಡಿ, ಏಕೆಂದರೆ 4 ಓಮಿನ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್, ಆಗ ಅಂಕಿ ಸುಮ್ನೆ 3 ಡಿಬಿ ಹೆಚ್ಚು ಕಾಣುತ್ತದೆ.

ಸೆಟ್ಟಿನ ಮೆನುವಿನಲ್ಲಿ ಎಚ್‌ಪಿಎಫ್ (ಹೈ ಪಾಸ್ ಫಿಲ್ಟರ್, ಕೆಳಗಿನ ಬೇಸನ್ನು ತಡೆಯುವುದು) ಇದ್ದರೆ 80 ಹರ್ಟ್ಸ್‌ಗೆ ಇಡಿ. ತೀರಾ ಕೆಳಗಿನ ಬೇಸ್ ಹೋಗುತ್ತದೆ, ಆದರೆ ಇರುವ ಪವರ್ ಅದರಲ್ಲಿ ಪೋಲಾಗದೆ ಚೆಂಡೆಗೂ ಸ್ವರಕ್ಕೂ ಉಳಿಯುತ್ತದೆ. ಇದನ್ನು ಮಾಡಿದ ಮೇಲೆ ಟಯರಿನ ಸದ್ದಿನ ಮೇಲೂ ಭಾಗವತಿಕೆ ಸ್ಪಷ್ಟವಾಗಿ ಕೇಳುತ್ತದೆ. ಡಿಕ್ಕಿ ನಡುಗುವ ಬೇಸ್ ಬೇಕಾದವರಿಗೆ ಆಂಪೂ ಬೇಕು, ಸಬ್‌ವೂಫರೂ ಬೇಕು, ಅಲ್ಲಿ ಸೆಟ್ಟಿನ ಪವರ್ ಸಾಲುವುದಿಲ್ಲ.

ನಮ್ಮ ಕರಾವಳಿಯ ಮಳೆಗೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬಾಳುವುದಿಲ್ಲ, ತಾಮ್ರ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿಯಾಗುವ ಕೊಳವೆ) ತೊಡಿಸಿ. ಹಿಂದಿನ ಗಾಜಿನ ಕೆಳಗಿನ ಪಾರ್ಸೆಲ್ ಟ್ರೇಗೆ ಇಡೀ ದಿನ ಬಿಸಿಲು ಬೀಳುವುದರಿಂದ ಕೋನಿನ ಸುತ್ತ ಫೋಮ್ ಬದಲು ರಬ್ಬರ್ ಇರುವುದನ್ನು ಆರಿಸಿ. ಮುಚ್ಚುವ ಮೊದಲು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಸೆಟ್ ಕಡೆ ಬಿಚ್ಚಿಟ್ಟ ವಯರಿನ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ ನೋಡಿ. ಪ್ಲಸ್‌ಗೆ ಪ್ಲಸ್ ಸರಿಯಾಗಿದ್ದರೆ ಕೋನ್ ಹೊರಗೆ ಬರುತ್ತದೆ. ಒಂದು ಹೊರಗೆ, ಇನ್ನೊಂದು ಒಳಗೆ ಹೋದರೆ ಒಂದರ ವಯರ್ ತಿರುಗಿಸಬೇಕು, ಇಲ್ಲದಿದ್ದರೆ ಮದ್ದಳೆಯ ಗುಂಯ್ ಎನ್ನುವ ನಾದ ಅರ್ಧಕ್ಕರ್ಧ ಮಾಯ.

ಬಾವ ಕೊನೆಗೆ 4 ಚಾನೆಲಿನ ಸೆಟ್ಟನ್ನೇ ತಂದರು. ಹಿಂದೆ ಹೊಸ ವಯರ್ ಎಳೆದೆವು, ಫೇಡರ್ ಒಂದೆರಡು ಹೆಜ್ಜೆ ಮುಂದಕ್ಕೆ ಇಟ್ಟೆವು. ಅವರ ಸ್ಪೀಕರ್ ಇನ್ನೂ ಹಳೆಯದೇ, ಬದಲಿಸಲು 91 ಡಿಬಿಗಿಂತ ಮೇಲಿನ ಆರೂವರೆ ಇಂಚಿನದನ್ನು ಮಂಗಳೂರಿನಲ್ಲಿ ಹುಡುಕುತ್ತಿದ್ದೇವೆ.