ಗೊತ್ತಿಲ್ಲದವರ ಜೊತೆ ಡೈವ್‌ಗೆ ಇಳಿಯುವ ಮುಂಚೆ ಇದನ್ನ ಓದಿ

ಮೂರು ದಿನ ಆಯ್ತು, ಕೋಪ ಇನ್ನೂ ಇಳಿದಿಲ್ಲ. ನಾಚಿಕೆಯೂ ಆಗುತ್ತಿದೆ. ಯಾಕಂದ್ರೆ ಏನೋ ಸರಿಯಿಲ್ಲ ಅಂತ ನನಗೆ ಬೋಟ್ ಮೇಲೇ ಗೊತ್ತಾಗಿತ್ತು. ಕಣ್ಣಾರೆ ನೋಡಿದ್ದೆ. ಆದರೂ ನೀರಿಗೆ ಹಾರಿದೆ.

ಅದು ನನ್ನ 22ನೇ ಸ್ಕೂಬಾ ಡೈವ್, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯೋದು. ಜೊತೆಗೆ ಬರಬೇಕಿದ್ದ ಸ್ನೇಹಿತನಿಗೆ ನೆಗಡಿ, ಕಿವಿ ಕಟ್ಟಿಕೊಂಡಿತ್ತು, ಬರಲಿಲ್ಲ. ಆಯೋಜಕರು ಬೋಟ್ ಮೇಲೇ ಇನ್ನೊಬ್ಬರನ್ನು ನನಗೆ ಜೋಡಿ ಮಾಡಿದರು. "300ಕ್ಕೂ ಜಾಸ್ತಿ ಡೈವ್ ಮಾಡಿದ್ದಾರೆ, ನಿಮಗೆ ಚಿಂತೆಯೇ ಬೇಡ" ಅಂದರು. ನಂಬಿಬಿಟ್ಟೆ. ಮಾಡಿದ ಡೈವ್‌ಗಳನ್ನ ಬರೆದಿಡುವ ಲಾಗ್‌ಬುಕ್ ಕೇಳಲಿಲ್ಲ. ವಯಸ್ಸಿನಲ್ಲಿ ದೊಡ್ಡವರು, ಕೈಯಲ್ಲಿ ದೊಡ್ಡ ಕ್ಯಾಮೆರಾ, ಬೋಟ್‌ನಲ್ಲಿ ಎಲ್ಲರಿಗೂ ಪರಿಚಯ. ಹೇಗೆ ಕೇಳೋದು?

ಇಳಿಯುವ ಮುಂಚೆ ಒಬ್ಬರದನ್ನೊಬ್ಬರು ಚೆಕ್ ಮಾಡಬೇಕು ಅಂತ ನಿಮಗೆಲ್ಲ ಗೊತ್ತಿದೆ. ಬಿಸಿಡಿ (ಗಾಳಿ ತುಂಬಿ ತೇಲಿಸುವ ಜಾಕೆಟ್), ಮುಳುಗೋಕೆ ಕಟ್ಟುವ ತೂಕ, ಬಕಲ್, ಗಾಳಿ. ಎರಡು ನಿಮಿಷದ ಕೆಲಸ. ನಾನು ಶುರು ಮಾಡಿದರೆ ಅವರು ನಕ್ಕರು. "ಅದೆಲ್ಲ ಕೋರ್ಸ್‌ನಲ್ಲಿ ಮಾಡಿಸ್ತಾರೆ ಅಷ್ಟೇ" ಅಂದರು. ಆಮೇಲೆ ನನ್ನ ಹಿಂದೆ ಬಂದು, ಕೇಳದೆಯೇ ಸಿಲಿಂಡರ್ ವಾಲ್ವ್ ಹಿಡಿದು ತಿರುಗಿಸಿದರು. ಬೆನ್ನು ತಟ್ಟಿ "ಪೂರ್ತಿ ಓಪನ್ ಇದೆ, ನಡೀರಿ" ಅಂದರು.

ವಾಲ್ವ್ ನಾನು ಆಗಲೇ ತೆರೆದಿದ್ದೆ. ನಾನೇ ತೆರೆದಿದ್ದೆ!

ಅಭ್ಯಾಸಕ್ಕೆ ಗೇಜ್ (ಸಿಲಿಂಡರ್‌ನ ಗಾಳಿಯ ಒತ್ತಡ ಬಾರ್ ಲೆಕ್ಕದಲ್ಲಿ ತೋರಿಸುವ ಮೀಟರ್) ನೋಡುತ್ತಾ ನಾಲ್ಕು ಉಸಿರು ಎಳೆದೆ. ಮುಳ್ಳು 200 ಬಾರ್‌ನಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪ್ರತಿ ಉಸಿರಿಗೂ ಸ್ವಲ್ಪ ಕೆಳಗೆ ಜಾರಿ, ಮತ್ತೆ ಮೇಲೆ ಬರುತ್ತಿತ್ತು. ತೀರಾ ಸ್ವಲ್ಪ. ಅವರಿಗೆ ತೋರಿಸಿದೆ. "ಗೇಜ್ ಹಳೇದು, ಹಂಗೇ ಆಡುತ್ತೆ" ಅಂದರು. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಉಳಿದವರೆಲ್ಲ ಫಿನ್ ಹಾಕಿಕೊಂಡು ನನಗೇ ಕಾಯುತ್ತಿದ್ದರು. ನನ್ನಿಂದ ತಡವಾಗುತ್ತಿದೆ ಅಂತ ಸಂಕೋಚ ಆಯ್ತು. ಆ ಸಂಕೋಚ ಒಂದಿಲ್ಲದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಾತಾಗಿದ್ದು 18 ಮೀಟರ್ ಆಳ. ನನ್ನ ಸರ್ಟಿಫಿಕೇಟ್ ಇರೋದೂ ಅಷ್ಟಕ್ಕೇ. ಅವರು ಯಾವುದೋ ಮೀನಿನ ಹಿಂದೆ ಬಿದ್ದು ಇಳಿಯುತ್ತಲೇ ಹೋದರು. ನಾನೂ ಹಿಂದೆ ಹೋದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಜೊತೆಗಾರನನ್ನು ಬಿಡಬಾರದು ಅಂತ ಕಲಿಸಿರುತ್ತಾರಲ್ಲ, ಅದೊಂದೇ ತಲೆಯಲ್ಲಿತ್ತು. ಆಳ ತೋರಿಸುವ ಡೈವ್ ಕಂಪ್ಯೂಟರ್ 27 ಮೀಟರ್ ತೋರಿಸುವಾಗ ಉಸಿರು ಗಟ್ಟಿಯಾಯಿತು. ಸಣ್ಣ ಸ್ಟ್ರಾದಲ್ಲಿ ಗಾಳಿ ಎಳೆದ ಹಾಗೆ. ಎಳೆದಷ್ಟೂ ಬರುತ್ತಿಲ್ಲ. ಗೇಜ್ ನೋಡಿದರೆ ಮುಳ್ಳು 110ರಿಂದ ಕೆಳಗೆ ಬಿದ್ದು, ಉಸಿರು ಬಿಟ್ಟಾಗ ಮತ್ತೆ 110ಕ್ಕೆ ಏರುತ್ತಿದೆ. ಸಿಲಿಂಡರ್‌ನಲ್ಲಿ ಗಾಳಿ ಇದೆ, ನನಗೆ ಸಿಗುತ್ತಿಲ್ಲ!

ಕೈ ಹಿಂದೆ ಚಾಚಿದೆ, ವಾಲ್ವ್ ಎಟುಕಲಿಲ್ಲ. ಅವರು ಏಳೆಂಟು ಮೀಟರ್ ಮುಂದೆ ಇದ್ದರು. ಸಿಲಿಂಡರ್ ಬಡಿದು ಶಬ್ದ ಮಾಡಿದೆ. ತಿರುಗಿದರು. ಅಂಗೈ ಅಲ್ಲಾಡಿಸಿ 'ಏನೋ ಸರಿಯಿಲ್ಲ' ಅಂತ ತೋರಿಸಿದೆ, ಹೆಬ್ಬೆರಳು ಎತ್ತಿ 'ಮೇಲೆ ಹೋಗೋಣ' ಅಂದೆ. ಅವರು ಬೆರಳು ಸುತ್ತಿ ಓಕೆ ತೋರಿಸಿದರು. ತೋರಿಸಿ, ಮತ್ತೆ ಕ್ಯಾಮೆರಾ ಕಡೆ ತಿರುಗಿದರು. ಕತ್ತಿನ ಮುಂದೆ ಕೈ ಆಡಿಸಿ 'ಗಾಳಿ ಇಲ್ಲ' ಅಂದಾಗ ನನಗೆ ಕಂಡದ್ದು ಅವರ ಬೆನ್ನು. ಅವರ ಹಳದಿ ಆಕ್ಟೋಪಸ್, ಅಂದ್ರೆ ಜೊತೆಗಾರನಿಗೆ ಗಾಳಿ ಕೊಡೋಕೆ ಇರುವ ಎರಡನೇ ಉಸಿರಾಟದ ಸಾಧನ, ಎದೆ ಮೇಲೆ ಕ್ಲಿಪ್‌ನಲ್ಲೂ ಇರಲಿಲ್ಲ. ಹತ್ತಿರ ಹೋಗಿದ್ದರೂ ಎಲ್ಲಿ ಹುಡುಕಬೇಕಿತ್ತು?

ಹತ್ತುವುದಕ್ಕೆ ಶುರು ಮಾಡಿದೆ. ಉಸಿರು ಹಿಡಿಯಬಾರದು, ಓಡಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ ಹೋದೆ. 15 ಮೀಟರ್ ದಾಟಿದ ಮೇಲೆ ಉಸಿರು ಸ್ವಲ್ಪ ಹಗುರಾಯಿತು. ಮೇಲೆ ಬರುವ ಮುಂಚೆ ಸುರಕ್ಷತೆಗೆ ಅಂತ ಸ್ವಲ್ಪ ನಿಲ್ಲಬೇಕು; 5 ಮೀಟರ್‌ನಲ್ಲಿ 3 ನಿಮಿಷ ಒಬ್ಬರೇ ನಿಂತು ನೋಡಿ, ಗಡಿಯಾರ ಎಷ್ಟು ನಿಧಾನ ಅಂತ ಗೊತ್ತಾಗುತ್ತದೆ.

ಬೋಟ್‌ನ ಹುಡುಗ ನನ್ನ ವಾಲ್ವ್ ತಿರುಗಿಸಿ ನೋಡಿದ. ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ತಿರುಗುತ್ತಲೇ ಹೋಯಿತು. "ಇದು ಕಾಲು ಸುತ್ತು ಮಾತ್ರ ತೆರೆದಿತ್ತು" ಅಂದ. ಆಗ ಅರ್ಥವಾಯಿತು. ಅವರು ತೆರೆದೆ ಅಂದುಕೊಂಡು ಪೂರ್ತಿ ಮುಚ್ಚಿದ್ದಾರೆ. ಆಮೇಲೆ ಹಳೇ ಕಾಲದ ಅಭ್ಯಾಸದಂತೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ್ದಾರೆ. ನೀರಿನ ಮೇಲೆ ಅಷ್ಟು ಗಾಳಿ ಸಾಕು. 30 ಮೀಟರ್ ಹತ್ತಿರ ಒತ್ತಡ ನಾಲ್ಕು ಪಟ್ಟು, ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಬೇಕು. ಆ ಸಂದಿಯಲ್ಲಿ ಎಲ್ಲಿ ಬರುತ್ತೆ? ಗೇಜ್ ಹಳೇದಾಗಿರಲಿಲ್ಲ. ಸುಳ್ಳೂ ಹೇಳಿರಲಿಲ್ಲ. ನನಗೆ ಕಂಡದ್ದೇ ನಿಜವಾಗಿತ್ತು.

ಅವರು 20 ನಿಮಿಷ ಬಿಟ್ಟು ಮೇಲೆ ಬಂದರು. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ ಮೇಲೆ ಬರಬೇಕು ಅನ್ನೋದು ಮೊದಲ ಪಾಠ ಅಲ್ವಾ? 20 ನಿಮಿಷ! ಕೇಳಿದೆ.

"ನೀವು ಓಕೆ ಅಂದ್ರಲ್ಲ, ನಾನೂ ಓಕೆ ಅಂದೆ."

ನಾನು ಓಕೆ ಅನ್ನಲಿಲ್ಲ, ಹೆಬ್ಬೆರಳು ಎತ್ತಿದೆ ಅಂದೆ.

"ಹೊಸಬರಿಗೆ ಗಾಬರಿ ಜಾಸ್ತಿ. ಏನೂ ಆಗಿಲ್ಲವಲ್ಲ ಈಗ?"

ವಾಲ್ವ್ ವಿಷಯ ಎತ್ತಿದೆ. "ಸಹಾಯ ಮಾಡಿದ್ದೇ ತಪ್ಪಾಯ್ತಾ?" ಅಂತ ಎಲ್ಲರ ಮುಂದೆ ಜೋರಾಗಿ ಅಂದರು. ನಾನೇ ಕೃತಜ್ಞತೆ ಇಲ್ಲದವರ ಹಾಗೆ ಕಂಡೆ. ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಆಯೋಜಕರಿಗೆ ರಾತ್ರಿ ಮೆಸೇಜ್ ಹಾಕಿದರೆ ಬಂದ ಉತ್ತರ: "ನಿಮ್ಮ ಸಲಕರಣೆ ನಿಮ್ಮ ಜವಾಬ್ದಾರಿ. ಫಾರ್ಮ್‌ಗೆ ಸಹಿ ಹಾಕಿದ್ದೀರಿ." ಹೌದು, ಹಾಕಿದ್ದೇನೆ. ಜೋಡಿ ಮಾಡಿದ್ದು ಯಾರು? 300 ಡೈವ್ ಅಂದಿದ್ದು ಯಾರು?

ದಯವಿಟ್ಟು, ನಿಮ್ಮ ವಾಲ್ವ್ ಯಾರಾದರೂ ಮುಟ್ಟಿದರೆ ಮತ್ತೆ ನೀವೇ ನೋಡಿ. ಮುಳ್ಳು ಅಲುಗಿದರೆ ಇಳಿಯಲೇಬೇಡಿ. ಚೆಕ್ ಮಾಡೋಣ ಅಂದಾಗ ನಗುವವರ ಜೊತೆ, ಅವರು ಎಷ್ಟೇ ದೊಡ್ಡವರಿರಲಿ, ಹೋಗಬೇಡಿ. ಯಾವ ಡೈವನ್ನಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಬೇಡ ಅನ್ನೋ ಹಕ್ಕು ನಿಮಗಿದೆ. ಆ ಹಕ್ಕು ನನಗೂ ಇತ್ತು.

ಅವರನ್ನು ಹೊಸಬರ ಜೊತೆ ಕಳಿಸಬೇಡಿ ಅಂತ ಆಯೋಜಕರಿಗೆ ಇನ್ನೊಂದು ಮೆಸೇಜ್ ಹಾಕಿದ್ದೇನೆ. ಓದಿದ್ದಾರೆ, ಉತ್ತರ ಇಲ್ಲ. ಭಾನುವಾರ ಅದೇ ಬೋಟ್ ಮತ್ತೆ ಹೋಗುತ್ತಿದೆ.