ಹಳೇ ರೇಂಜ್‌ಫೈಂಡರ್‌ಗೆ ಉದ್ದ ಲೆನ್ಸ್: ಮೂರು ಲೆನ್ಸ್, ಎರಡು ಕ್ಯಾಮೆರಾ

ಫೋಕಸ್ ಮಾಡಿದ್ದು ಕಣ್ಣಿನ ಮೇಲೆ. ಫಿಲ್ಮ್ ತೊಳೆದು ನೋಡಿದರೆ ಸ್ಪಷ್ಟವಾಗಿ ಬಂದಿದ್ದು ಕಿವಿ. ಒಂದಲ್ಲ, ಆರು ಫ್ರೇಮ್‌ಗಳಲ್ಲೂ ಹೀಗೇ. ಕೈ ನಡುಗಿದ್ದರೆ ಇಡೀ ಚಿತ್ರ ಮಸುಕಾಗಬೇಕಿತ್ತು. ಎದುರು ಕೂತವರು ಅಲುಗಾಡಿದ್ದರೆ ಒಮ್ಮೆ ಮೂಗು, ಒಮ್ಮೆ ಕಿವಿ ಬರಬೇಕಿತ್ತು. ಪ್ರತಿ ಸಲವೂ ಕಿವಿಯೇ ಅಂದ ಮೇಲೆ ತಪ್ಪು ನನ್ನದಲ್ಲ ಅಂತ ಸಮಾಧಾನವಾಯಿತು. ಮತ್ತೆ ಯಾರದ್ದು? ಅದನ್ನು ಹುಡುಕುತ್ತಾ ಎರಡು ರೇಂಜ್‌ಫೈಂಡರ್ ಕ್ಯಾಮೆರಾ (ಕಿಟಕಿಯಲ್ಲಿ ಎರಡು ಬಿಂಬ ಒಂದು ಮಾಡಿ ಫೋಕಸ್ ಮಾಡುವಂಥವು), ಮೂರು ಲೆನ್ಸ್ ಇಟ್ಟುಕೊಂಡು ಐದು ರೋಲ್ ಮುಗಿಸಿದೆ.

ಕ್ಯಾಮೆರಾಗಳಲ್ಲಿ ಒಂದು ಲೈಕಾ ಎಂ3, 1954ರಲ್ಲಿ ಬಂದ ಮಾದರಿ. ಇನ್ನೊಂದು ಸೋವಿಯತ್ ಕಾಲದ ಜೋರ್ಕಿ-4. ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಇದನ್ನು 1956ರಿಂದ 1973ರವರೆಗೆ ಮಾಡಿತು. ಲೆನ್ಸ್‌ಗಳು: ಸೋವಿಯತ್ತಿನ ಜುಪಿಟರ್-9 (85 ಮಿ.ಮೀ., ಎಫ್/2), ಜುಪಿಟರ್-11 (135 ಮಿ.ಮೀ., ಎಫ್/4), ಲೈಕಾ ಮಾಡಿದ ಲೈಟ್ಸ್ ಕಂಪನಿಯ ಎಲ್ಮಾರ್ (90 ಮಿ.ಮೀ., ಎಫ್/4). ಮಿ.ಮೀ. ಹೆಚ್ಚಿದಷ್ಟೂ ಲೆನ್ಸ್ ಉದ್ದ, ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆ ಕಮ್ಮಿಯಾದಷ್ಟೂ ಬೆಳಕು ಬರುವ ಕಿಂಡಿ (ಅಪರ್ಚರ್) ದೊಡ್ಡದು. ಮೂರಕ್ಕೂ 39 ಮಿ.ಮೀ.ನ ತಿರುಪು ಬಾಯಿ. ಜೋರ್ಕಿಗೆ ನೇರವಾಗಿ ತಿರುಗಿಸಿ ಹಾಕಬಹುದು. ಎಂ3ಗೆ ನಡುವೆ ತೆಳ್ಳನೆಯ ಅಡಾಪ್ಟರ್ ಬಳೆ ಬೇಕು.

ಒಂದು ವಿಷಯ ಮೊದಲೇ ಹೇಳಬೇಕು. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡುವುದೇ ಇಲ್ಲ. ಲೆನ್ಸಿನ ಬೆನ್ನಿನಲ್ಲಿರುವ ಬಳೆ ಕ್ಯಾಮೆರಾದೊಳಗಿನ ಪುಟ್ಟ ತೋಳನ್ನು ತಳ್ಳುತ್ತದೆ. ಅದಕ್ಕೆ ತಕ್ಕಂತೆ ಕಿಟಕಿಯಲ್ಲಿ ಎರಡು ಬಿಂಬ ಹತ್ತಿರ ಬಂದು ಒಂದಾಗುತ್ತವೆ. ಅಂದರೆ ಲೆನ್ಸ್ ಹೇಳಿದ ದೂರವನ್ನು ಕ್ಯಾಮೆರಾ ಸುಮ್ನೆ ನಂಬುತ್ತದೆ. 50 ಮಿ.ಮೀ.ನಲ್ಲಿ ಈ ನಂಬಿಕೆಗೆ ಸ್ವಲ್ಪ ಪೆಟ್ಟು ಬಿದ್ದರೂ ಗೊತ್ತಾಗುವುದಿಲ್ಲ. ಉದ್ದ ಲೆನ್ಸ್ ಹಾಕಿದರೆ ಗುಟ್ಟು ರಟ್ಟಾಗುತ್ತದೆ.

ರೇಂಜ್‌ಫೈಂಡರ್‌ನ ಎರಡು ಕಿಟಕಿಗಳ ನಡುವಿನ ಅಂತರ ಜಾಸ್ತಿ ಇದ್ದಷ್ಟೂ ಫೋಕಸ್ ನಿಖರ. ಎಂ3ಯಲ್ಲಿ ಅದು 68.5 ಮಿ.ಮೀ. ವ್ಯೂಫೈಂಡರ್ ಬಿಂಬವನ್ನು 0.91 ಪಟ್ಟಿಗೆ ಇಳಿಸುವುದರಿಂದ ಲೆಕ್ಕಕ್ಕೆ ಸಿಗುವುದು ಸುಮಾರು 62. ಜೋರ್ಕಿಯಲ್ಲಿ ಅಂತರ ಬರೀ 38 ಮಿ.ಮೀ. ಕಾಗದದ ಮೇಲೆ ಎಂ3 ಸುಲಭವಾಗಿ ಗೆದ್ದಾಯಿತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಟ್ರೈಪಾಡ್ ಮೇಲೆ ಕ್ಯಾಮೆರಾ, ಎದುರಿಗೆ ಓರೆಯಾಗಿ ಮಲಗಿಸಿದ ಅಳತೆ ಟೇಪು, ಎರಡು ಮೀಟರ್ ದೂರದಲ್ಲಿ ಒಂದು ಗುರುತು. ಎಂ3 ಮೇಲೆ ಜುಪಿಟರ್-9 ಹಾಕಿ ಎಫ್/2ರಲ್ಲಿ ತೆಗೆದರೆ ಗುರುತು ಮಸುಕು. ಅದರ ಹಿಂದೆ ಐದಾರು ಸೆಂ.ಮೀ. ಆಚೆಯ ಅಂಕಿಗಳು ಸ್ಪಷ್ಟ. ಅದೇ ಲೆನ್ಸನ್ನು ಜೋರ್ಕಿಗೆ ಹಾಕಿ ತೆಗೆದರೆ ಗುರುತೇ ಸ್ಪಷ್ಟ. ಬಡಪಾಯಿ ಕ್ಯಾಮೆರಾ ಸರಿ, ಸಾಹುಕಾರ ತಪ್ಪು!

ಇದರಲ್ಲಿ ಕೆಟ್ಟಿರುವುದು ಯಾವುದೂ ಇಲ್ಲ. ತಿರುಪು ಒಂದೇ ಆದರೂ ಲೆಕ್ಕ ಬೇರೆ. ಲೈಕಾದ ರೇಂಜ್‌ಫೈಂಡರ್ 51.6 ಮಿ.ಮೀ. ಲೆನ್ಸಿನ ಚಲನೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಸೋವಿಯತ್ ಲೆನ್ಸ್‌ಗಳದ್ದು 52.4. ಅನಂತ ದೂರದಲ್ಲಿ ಎರಡೂ ಹೊಂದುತ್ತವೆ, ಹತ್ತಿರ ಬಂದಷ್ಟೂ ಜಗಳ. ಎರಡು ಮೀಟರ್‌ನಲ್ಲಿ ಲೆಕ್ಕ ಹಾಕಿದರೆ ಸುಮಾರು 6 ಸೆಂ.ಮೀ. ವ್ಯತ್ಯಾಸ ಬರುತ್ತದೆ. 85 ಮಿ.ಮೀ. ಎಫ್/2ರಲ್ಲಿ ಆ ದೂರಕ್ಕೆ ಫೋಕಸ್ ನಿಲ್ಲುವುದು ಗುರುತಿನ ಆಚೆಗೊಂದು ಮೂರು, ಈಚೆಗೊಂದು ಮೂರು ಸೆಂ.ಮೀ. ಕಿವಿ ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ಲ. ಎಫ್/5.6ಕ್ಕೆ ಇಳಿಸಿದರೆ ಈ ಸ್ಪಷ್ಟ ಪಟ್ಟಿ, ಅಂದರೆ ಫೋಕಸ್ ಆಳ, ಒಂಬತ್ತು ಸೆಂ.ಮೀ. ಆಚೀಚೆಗೆ ಹಿಗ್ಗಿ ತಪ್ಪು ಮುಚ್ಚಿಹೋಗುತ್ತದೆ. ಆದರೆ ಎಫ್/5.6ರಲ್ಲಿ ಬಳಸಲು ಎಫ್/2 ಲೆನ್ಸ್ ಹೊರುವುದೇಕೆ?

ಜೋರ್ಕಿ ಮೇಲೆ ಜುಪಿಟರ್-9 ಬೇರೆಯೇ ಲೆನ್ಸ್. ಎಫ್/2ರಲ್ಲಿ ಚರ್ಮದ ಮೇಲೆ ತೆಳು ಮಂಜು ಕೂತಂತೆ ಮೃದು, ಒಳಗೆ ರೆಪ್ಪೆಗೂದಲು ಮಾತ್ರ ಎದ್ದು ಕಾಣುತ್ತದೆ. ಅಪರ್ಚರ್‌ಗೆ 15 ಎಲೆಗಳು, ಹಾಗಾಗಿ ಹಿನ್ನೆಲೆಯ ದೀಪಗಳು ಕಿರಿದು ಮಾಡಿದರೂ ಗುಂಡಗೇ ಇರುತ್ತವೆ. ಅಪರ್ಚರ್ ಬಳೆಗೆ ಟಿಕ್ ಟಿಕ್ ಅನ್ನುವ ತಡೆ ಇಲ್ಲ, ಬೆರಳು ತಾಗಿದರೆ ಸಾಕು ಜರುಗುತ್ತದೆ. ಇದು ನನಗೆ ಕಿರಿಕಿರಿ. ಜೋರ್ಕಿಯ ಬಿಂಬವೂ ಮಂಕು. ಸಂಜೆ ಬೆಳಕಿನಲ್ಲಿ ಎರಡು ಬಿಂಬ ಒಂದಾಯಿತೋ ಇಲ್ಲವೋ ಅಂತ ಎರಡೆರಡು ಸಲ ನೋಡಬೇಕು. ಕನ್ನಡಕದವರಿಗೆ ಮಾತ್ರ ಒಂದು ಸುಖ ಇದೆ. ಫಿಲ್ಮ್ ಹಿಂದೆ ಸುತ್ತುವ ಗುಬ್ಬಿಯ ಕೆಳಗಿನ ಸಣ್ಣ ಹಿಡಿ ಜರುಗಿಸಿ ಕಣ್ಣಿನ ಪವರ್‌ಗೆ ಹೊಂದಿಸಿಕೊಳ್ಳಬಹುದು. ಎಂ3ಯಲ್ಲಿ ಆ ಹಿಡಿ ಇಲ್ಲ. ಹೊಸದಾಗಿ ಜೋರ್ಕಿ ಹಿಡಿಯುವವರು ಫಿಲ್ಮ್ ಮುಂದೆ ಸುತ್ತಿದ ಮೇಲೆಯೇ ಶಟರ್ ವೇಗ ಬದಲಿಸಿ. ಮೊದಲೇ ತಿರುಗಿಸಿದರೆ ಒಳಗಿನ ಯಂತ್ರಕ್ಕೆ ಏಟು.

ಜುಪಿಟರ್-11 ಇನ್ನೂ ಉದ್ದ, ಹಾಗಾಗಿ ಎಂ3 ಮೇಲೆ ಇನ್ನೂ ಕೆಡಬೇಕಿತ್ತು. ಕೆಡಲಿಲ್ಲ. ಅದು ಎರಡೂವರೆ ಮೀಟರ್‌ಗಿಂತ ಹತ್ತಿರ ಬರುವುದೇ ಇಲ್ಲ. ಅಲ್ಲಿಂದ ಐದು ಮೀಟರ್‌ವರೆಗೆ ಎಫ್/4ರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ, ನಿಜ. ಐದು ದಾಟಿದರೆ ಫೋಕಸ್ ಆಳ ತಪ್ಪಿಗಿಂತ ದೊಡ್ಡದಾಗುತ್ತದೆ. 135ರಲ್ಲಿ ನಾನು ತೆಗೆಯುವುದು ದೂರದ್ದೇ: ಛಾವಣಿಗಳು, ಮರದ ತುದಿ, ಆಟದ ಮೈದಾನ. ಅಲ್ಲಿ ಎರಡೂ ಕ್ಯಾಮೆರಾ ಸಮಸಮ.

ಫೋಕಸ್ ಸಮ, ಆದರೆ ನೋಡುವ ಸುಖದಲ್ಲಿ ಸಮ ಅಲ್ಲ. ಎಂ3ಯ ಕಿಟಕಿಯಲ್ಲಿ 50ರ ಚೌಕಟ್ಟು ಯಾವಾಗಲೂ ಇರುತ್ತದೆ. ಅದರೊಳಗೆ 90ರದ್ದೋ 135ರದ್ದೋ ಮೂಡುತ್ತದೆ. ಯಾವುದು ಮೂಡಬೇಕು ಅನ್ನುವುದನ್ನು ಅಡಾಪ್ಟರ್ ಬಳೆ ನಿರ್ಧರಿಸುತ್ತದೆ, ಆದ್ದರಿಂದ ಎರಡು ಬಳೆ ಇಟ್ಟುಕೊಳ್ಳಬೇಕು. 135ರ ಚೌಕಟ್ಟು 50ರದ್ದರ ಏಳನೇ ಒಂದು ಭಾಗದಷ್ಟು ಪುಟ್ಟದು. ಆದರೂ ಚೌಕಟ್ಟಿನ ಹೊರಗೆ ಏನು ಬರುತ್ತಿದೆ ಅಂತ ಕಾಣುತ್ತದೆ. ಓಡುತ್ತಿರುವ ಹುಡುಗ ಒಳಗೆ ಬರುವ ಮುಂಚೆಯೇ ಬೆರಳು ಸಿದ್ಧ.

ಜೋರ್ಕಿಯಲ್ಲಿ ಇಂಥ ಗೆರೆಗಳೇ ಇಲ್ಲ. ಮೇಲೆ ಗಿರಗಿಟ್ಟೆಯ ಹಾಗೆ ತಿರುಗುವ ಸೋವಿಯತ್ ಫೈಂಡರ್ ಸಿಕ್ಕಿಸಬೇಕು. ಅದರಲ್ಲಿ 28, 35, 50, 85, 135 ಅಂತ ಐದು ಕಣ್ಣು. ಬಿಂಬ ತಿಳಿಯಾಗಿದೆ. ಆದರೆ ಫೋಕಸ್ ಒಂದು ಕಿಟಕಿಯಲ್ಲಿ, ಚೌಕಟ್ಟು ಇನ್ನೊಂದರಲ್ಲಿ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿರುತ್ತಾನೆ. ಫೈಂಡರ್ ಲೆನ್ಸಿಗಿಂತ ಎತ್ತರದಲ್ಲಿರುವುದರಿಂದ ಹತ್ತಿರದ ಮುಖಗಳ ತಲೆ ಕತ್ತರಿಸಿಹೋಗುತ್ತದೆ. ಹಾಗೆ ನಾಲ್ಕು ತಲೆ ಹೋದ ಮೇಲೆ ಸ್ವಲ್ಪ ಮೇಲಕ್ಕೆ ಗುರಿ ಹಿಡಿಯುವುದು ಅಭ್ಯಾಸವಾಯಿತು. ಒಂದು ಸಲವಂತೂ ಲೆನ್ಸಿನ ಮುಚ್ಚಳ ತೆಗೆಯದೆ ಹನ್ನೊಂದು ಫ್ರೇಮ್ ಹೊಡೆದಿದ್ದೇನೆ. ಎರಡು ಕಿಟಕಿಯಲ್ಲೂ ಜಗತ್ತು ಚೆನ್ನಾಗಿಯೇ ಕಾಣುತ್ತಿತ್ತು!

ಎಲ್ಮಾರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ಗುಣ. ಎಂ3 ಮೇಲೆ ಹಾಕು, ಬಿಂಬ ಒಂದು ಮಾಡು, ಒತ್ತು. ಎಲ್ಲಿ ಹೇಳಿದೆನೋ ಅಲ್ಲೇ ಫೋಕಸ್. ಎಫ್/4 ಆದ್ದರಿಂದ ಬೆಳಕು ಬೇಕು. ಎದುರು ಬಿಸಿಲಿಗೆ ಚಿತ್ರ ಬಿಳಚಿಕೊಳ್ಳುತ್ತದೆ, ಹುಡ್ (ಲೆನ್ಸಿನ ಮುಂದೆ ಹಾಕುವ ನೆರಳಿನ ಬಳೆ) ಇಲ್ಲದೆ ಹೊರಡಬೇಡಿ. ಜೋರ್ಕಿಗೆ ಮಾತ್ರ ಹಾಕಲಿಲ್ಲ. ಲೈಕಾದ ತೋಳಿನ ತುದಿಯಲ್ಲಿ ಗಾಲಿ ಇದೆ, ಜೋರ್ಕಿಯದ್ದರಲ್ಲಿ ಚಪ್ಪಟೆ ನಾಲಿಗೆ. ಹಳೇ ಲೈಟ್ಸ್ ಲೆನ್ಸ್‌ನ ಬಳೆಯ ಜೊತೆ ಅದು ಸರಿಯಾಗಿ ಕೂರದಿದ್ದರೆ ಎರಡಕ್ಕೂ ಪೆಟ್ಟು. ಅಷ್ಟು ಧೈರ್ಯ ನನಗಿಲ್ಲ.

ಈಗ ಎಲ್ಮಾರ್ ಎಂ3 ಮೇಲೆ, ಜುಪಿಟರ್-9 ಜೋರ್ಕಿ ಮೇಲೆ. ದೂರದ ಚಿತ್ರಕ್ಕೆ ಹೊರಟ ದಿನ ಎಲ್ಮಾರ್ ಇಳಿಸಿ ಜುಪಿಟರ್-11 ಹಾಕುತ್ತೇನೆ. ಒಂದೇ ಕ್ಯಾಮೆರಾ ಇರುವವರು ಲೆನ್ಸ್ ಹುಡುಕುವಾಗ ಮೊದಲು ಅದು ಯಾವ ಲೆಕ್ಕದ್ದು, ಲೈಕಾದ್ದೋ ಸೋವಿಯತ್ತಿನದ್ದೋ ಅಂತ ವಿಚಾರಿಸಿ. ಎಫ್ ಸಂಖ್ಯೆ ಆಮೇಲೆ ನೋಡಿದರಾಯಿತು. ಲೈಕಾಗೆ ಹೊಂದುವಂತೆ ಒಳಗಿನ ಬಿಲ್ಲೆ ಬದಲಿಸಿದ ಜುಪಿಟರ್‌ಗಳೂ ಕೈಬದಲಾಗುತ್ತಿರುತ್ತವೆ. ಅಂಥದ್ದು ಸಿಕ್ಕರೂ ಕೊಳ್ಳುವ ಮುಂಚೆ ಅಳತೆ ಟೇಪು ಮಲಗಿಸಿ ನಾಲ್ಕು ಫ್ರೇಮ್ ಹೊಡೆದು ನೋಡಿ.